ಮಾರಾಟಕ್ಕಿಲ್ಲದ ಕಾರುಗಳ ಋಣ

ಬಳ್ಳಾರಿಯ ಕೌಲ್ ಬಜಾರಿನ ಇಕ್ಕಟ್ಟಿನಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವ ಎಷ್ಟೋ ಜನ ಈಗ ಕತ್ತು ತಿರುಗಿಸುವುದಿಲ್ಲ. ಎದುರಿನ ಪರದೆ ನೋಡುತ್ತಾರೆ. ಹಿಂಬದಿ ಕ್ಯಾಮೆರಾ ಮೊನ್ನೆ ಮೊನ್ನೆಯ ಸೌಕರ್ಯವೆಂದು ತೋರಬಹುದು. ಆದರೆ ಅಮೆರಿಕದ ಜನರಲ್ ಮೋಟರ್ಸ್ 1956ರಲ್ಲೇ ತೋರಿಸಿದ ಬ್ಯೂಕ್ ಸೆಂಚೂರಿಯನ್ ಕಾರಿನಲ್ಲಿ ಕನ್ನಡಿಯ ಬದಲು ಹಿಂದೆ ಟಿ.ವಿ. ಕ್ಯಾಮೆರಾ, ಮುಂದೆ ಪರದೆ ಇತ್ತು. ಆ ಕಾರು ಮಾರಾಟಕ್ಕೆ ಬರಲಿಲ್ಲ. ಬರಲೆಂದು ಮಾಡಿದ್ದೂ ಅಲ್ಲ.

ಹೊಸ ಕಲ್ಪನೆಗಳನ್ನು ತೋರಿಸಲೆಂದೇ ಮಾಡುವ ಇಂಥ ಕಾನ್ಸೆಪ್ಟ್ ಕಾರುಗಳ ವಂಶಾವಳಿಯನ್ನು 1938ರ ಬ್ಯೂಕ್ ವೈ-ಜಾಬ್‌ನಿಂದ ಎಣಿಸುವುದು ರೂಢಿ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಅದರಲ್ಲಿ ಮರೆಯಾಗುವ ಹೆಡ್‌ಲೈಟು, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ ಗಾಜು, ಬಾಗಿಲಿನ ಮೈಯೊಳಗೇ ಹುದುಗಿದ ಹಿಡಿಕೆ ಇಟ್ಟಿದ್ದರು. ಪ್ರದರ್ಶನಕ್ಕಷ್ಟೇ ಇಡದೆ ವರ್ಷಗಟ್ಟಲೆ ತಾವೇ ಓಡಿಸಿದರು. ಅವರದೇ 1951ರ ಲೆ ಸೇಬರ್‌ನಲ್ಲಿ ಮಳೆ ಹನಿ ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಚಾವಣಿ ಇತ್ತು. ಆ ಚಮತ್ಕಾರ ಅಲ್ಲೇ ಉಳಿಯಿತು. ಬದಿಗಳಿಗೆ ಬಾಗಿ ಸುತ್ತಿಕೊಂಡ ಮುಂಗಾಜು ಮಾತ್ರ ಎರಡೇ ವರ್ಷದಲ್ಲಿ ಮಾರಾಟದ ಕಾರಾದ ಕ್ಯಾಡಿಲಾಕ್ ಎಲ್ಡೊರಾಡೊ ಏರಿತು. ತಂತ್ರಜ್ಞಾನ ದಶಕಗಟ್ಟಲೆ ಕಾಯಬೇಕಾಗುತ್ತದೆ, ರೂಪ ಕಾಯುವುದಿಲ್ಲ. ಕೊಳ್ಳುವವರ ಕಣ್ಣನ್ನು ಮೊದಲೇ ಪಳಗಿಸಿಡುವುದೇ ಈ ಕಾರುಗಳ ಅಸಲಿ ಕೆಲಸವೆಂದು ನನ್ನ ಎಣಿಕೆ.

ಇಟಲಿಯವರು ಇನ್ನೂ ಧಾರಾಳಿಗಳು. ವಿನ್ಯಾಸಕಾರ ಮಾರ್ಚೆಲ್ಲೊ ಗಾಂಡಿನಿ 1968ರ ಕಾನ್ಸೆಪ್ಟ್ ಕಾರು ಆಲ್ಫಾ ರೋಮಿಯೊ ಕರಾಬೊಗೆ ಇಟ್ಟ, ಮೇಲಕ್ಕೆ ತೆರೆಯುವ ಬಾಗಿಲು ಮುಂದೆ ಬೇರೊಂದು ಕಂಪನಿಯಾದ ಲ್ಯಾಂಬೋರ್ಗಿನಿಯ ಕೌಂಟಾಚ್‌ನ ಗುರುತೇ ಆಯಿತು.

ನಮ್ಮಲ್ಲಿ ಟಾಟಾ 2018ರ ಆಟೊ ಎಕ್ಸ್‌ಪೋದಲ್ಲಿ ತೋರಿಸಿದ ಎಚ್5ಎಕ್ಸ್ ಮರುವರ್ಷ ಜನವರಿಯಲ್ಲೇ ಹ್ಯಾರಿಯರ್ ಆಗಿ ಬಂತು. ಚಕ್ರ ಕಿರಿದಾಯಿತು; ಮೇಲೆ ತೆಳು ದೀಪದ ಗೆರೆ, ಕೆಳಗೆ ಬಂಪರಿನಲ್ಲಿ ಹೆಡ್‌ಲೈಟು ಎಂಬ ಮುಖಲಕ್ಷಣ ಉಳಿಯಿತು.

ಏನು ಉಳಿಯಬೇಕೆಂಬುದನ್ನು ವಿನ್ಯಾಸಕಾರರೊಬ್ಬರೇ ತೀರ್ಮಾನಿಸುವುದಿಲ್ಲ, ಉಕ್ಕಿಗೂ ಅದರಲ್ಲಿ ಪಾಲಿದೆ. ಇದು ಬಳ್ಳಾರಿಗೆ ಹತ್ತಿರದ ಸಂಗತಿ: ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಕಾರ್ಖಾನೆಯಲ್ಲಿ ಕಾರಿನ ಮೈಗೆ ಬೇಕಾದ ತೆಳು ಹಾಳೆಯೂ ತಯಾರಾಗುತ್ತದೆ. ಪ್ರದರ್ಶನದ ಒಂದೇ ಒಂದು ಕಾರನ್ನು ಫೈಬರಿನಲ್ಲೋ ಕೈಯಿಂದ ತಟ್ಟಿಯೋ ಹೇಗೆ ಬೇಕಾದರೂ ಮಾಡಬಹುದು. ಮಾರುವ ಕಾರಿನ ಬಾಗಿಲು ಹಾಗಲ್ಲ. ಸುಮಾರು 0.7 ಮಿ.ಮೀ. ದಪ್ಪದ ಹಾಳೆ ಪ್ರೆಸ್ಸಿನ ಅಚ್ಚುಗಳ ನಡುವೆ ಸಿಕ್ಕಿ ಕ್ಷಣಮಾತ್ರದಲ್ಲಿ ರೂಪ ತಳೆಯಬೇಕು. ಮಡಿಕೆ ತೀರಾ ಚೂಪಾದರೆ ಉಕ್ಕು ಬಿರಿಯುತ್ತದೆ, ಎಳೆತ ಸಾಲದಿದ್ದರೆ ಸುಕ್ಕುಗಟ್ಟುತ್ತದೆ, ಹೆಚ್ಚು ಬಲದ ಉಕ್ಕಾದರೆ ಅಚ್ಚು ಬಿಟ್ಟೊಡನೆ ತುಸು ಹಿಂದಕ್ಕೆ ಸೆಟೆಯುತ್ತದೆ. ವೇದಿಕೆಯಲ್ಲಿ ಮಿಂಚಿದ ಗೆರೆ ರಸ್ತೆಗೆ ಬರುವಾಗ ಮೊಂಡಾಗಿದ್ದರೆ ಅದಕ್ಕೆ ಯಾರ ಅಳ್ಳೆದೆಯೂ ಕಾರಣವಲ್ಲ.

ಅರ್ಲ್ ಅವರ ಹುದುಗಿದ ಹಿಡಿಕೆ 2024ರಲ್ಲಿ ಟಾಟಾ ಕರ್ವ್ ಬಾಗಿಲಿಗೂ ಬಂದಿದೆ. ನೋಡಲು ಚೆಂದ, ಒಪ್ಪೋಣ. ಆದರೆ ಸಂಡೂರಿನ ಅದಿರು ಲಾರಿಗಳ ಹಿಂದೆ ಒಂದು ಬೇಸಿಗೆ ಓಡಿದ ಮೇಲೆ ಆ ಸಂದಿನಲ್ಲಿ ಕೂರುವ ಕೆಂಧೂಳಿನ ಪರೀಕ್ಷೆ ಯಾವ ಎಕ್ಸ್‌ಪೋದ ವೇದಿಕೆಯಲ್ಲೂ ನಡೆಯುವುದಿಲ್ಲ.