ಹ್ಯಾಂಡಲ್ ಎಳೆಯುವ ಮೊದಲು ಬಿಂದು ಎಲ್ಲಿಡಬೇಕು?

ವೆಕ್ಟರ್ ಸಾಫ್ಟ್‌ವೇರ್ (ಬಿಂದು, ಗೆರೆಗಳ ಲೆಕ್ಕದಲ್ಲಿ ಚಿತ್ರ ಬಿಡಿಸುವ ತಂತ್ರಾಂಶ) ಕಲಿಯಲು ಬರುವವರಲ್ಲಿ ಕಾಗದದ ಮೇಲೆ ಚೆನ್ನಾಗಿ ಚಿತ್ರ ಬಿಡಿಸುವವರೇ ಪೆನ್ ಟೂಲ್ ಮುಂದೆ ಹೆಚ್ಚು ಒದ್ದಾಡುತ್ತಾರೆ. ಪೆನ್ಸಿಲ್ ಹಿಡಿದಾಗ ಗೆರೆಯ ಉದ್ದಕ್ಕೂ ಕೈ ಜೊತೆಗಿರುತ್ತದೆ. ಇಲ್ಲಿ ನೀವು ಎರಡು ಬಿಂದು ಇಟ್ಟು ಹ್ಯಾಂಡಲ್ (ಬಿಂದುವಿನಿಂದ ಹೊರಚಾಚುವ ಹಿಡಿಕೆ) ಎಳೆದರೆ, ನಡುವಿನ ಗೆರೆಯನ್ನು ಗಣಿತ ಎಳೆಯುತ್ತದೆ. ಬಾಗು ಸರಿಬರದಿದ್ದಾಗ ಎಲ್ಲರೂ ಹ್ಯಾಂಡಲನ್ನೇ ಜಗ್ಗಾಡುತ್ತಾರೆ. ನಾನು ಕಂಡ ಮಟ್ಟಿಗೆ ದೋಷ ಬಹುಪಾಲು ಬಿಂದು ಇಟ್ಟ ಜಾಗದಲ್ಲಿರುತ್ತದೆ.

ಈ ಗೆರೆಯ ಹೆಸರು ಬೆಜಿಯೆ ಕರ್ವ್. ಇದು ಹುಟ್ಟಿದ್ದು ಚಿತ್ರಕಾರರಿಗಾಗಿ ಅಲ್ಲ, ಕಾರಿನ ಮೈಯ ತಿರುವುಗಳನ್ನು ಲೆಕ್ಕಕ್ಕೆ ಹಿಡಿಯಲು. ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕ್ಯಾಸ್ಟೆಲ್ಜೊ 1959ರಲ್ಲೇ ಇದರ ವಿಧಾನ ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೊ ಕಂಪನಿಯ ಪಿಯರ್ ಬೆಜಿಯೆ ತಮ್ಮ ಕೆಲಸವನ್ನು ಪ್ರಕಟಿಸಿದ್ದರಿಂದ ಹೆಸರು ಅವರ ಪಾಲಾಯಿತು. 1987ರಲ್ಲಿ ಬಂದ ಇಲ್ಲಸ್ಟ್ರೇಟರ್ ಎಂಬ ವೆಕ್ಟರ್ ಸಾಫ್ಟ್‌ವೇರ್ ಅದನ್ನು ಚಿತ್ರಕಾರರ ಮೇಜಿಗೆ ತಂದಿತು.

ಹ್ಯಾಂಡಲ್ ಹೇಳುವುದು ಎರಡೇ ಮಾತು: ಗೆರೆ ಯಾವ ದಿಕ್ಕಿಗೆ ಹೊರಡಬೇಕು, ಎಷ್ಟು ದೂರ ಆ ದಿಕ್ಕನ್ನು ಬಿಡದೆ ಹೋಗಬೇಕು. ಬಾಗುವ ಗೆರೆ ಹ್ಯಾಂಡಲಿನ ತುದಿಯನ್ನು ಮುಟ್ಟುವುದಿಲ್ಲ, ಅದರತ್ತ ವಾಲುತ್ತದೆ ಅಷ್ಟೆ. ಉದ್ದ ಎಷ್ಟಿರಲಿ ಎಂದು ಕೇಳಿದರೆ, ಎರಡು ಬಿಂದುಗಳ ನಡುವಿನ ತುಂಡಿನ ಗೆರೆಯ ಸುಮಾರು ಮೂರನೇ ಒಂದು ಭಾಗದಿಂದ ಶುರುಮಾಡಿ ಎನ್ನುತ್ತೇನೆ.

ಇನ್ನು ಬಿಂದುವಿನ ಜಾಗ. ಮೊದಲ ಅಭ್ಯಾಸಕ್ಕೆ ಒಂದು ಸೊನ್ನೆ ಸಾಕು. ವೃತ್ತದ ಟೂಲ್ ಮುಟ್ಟದೆ, ಪೆನ್ ಟೂಲಿನಲ್ಲೇ ಬಿಡಿಸಿ. ತೀರಾ ಮೇಲೆ, ತೀರಾ ಕೆಳಗೆ, ಎಡದ ಅಂಚು, ಬಲದ ಅಂಚು: ನಾಲ್ಕೇ ಬಿಂದು. ಮೇಲೆ ಕೆಳಗಿನವುಗಳ ಹ್ಯಾಂಡಲ್ ಅಡ್ಡಕ್ಕೆ ಮಲಗಿರಲಿ, ಪಕ್ಕದವುಗಳದ್ದು ನೆಟ್ಟಗೆ ನಿಂತಿರಲಿ. ಎಳೆಯುವಾಗ ಇಲ್ಲಸ್ಟ್ರೇಟರಿನಲ್ಲಿ ಶಿಫ್ಟ್, ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಒತ್ತಿಹಿಡಿದರೆ ಹ್ಯಾಂಡಲ್ ಓರೆಯಾಗದು. ಉದ್ದ ತ್ರಿಜ್ಯದ 0.5523 ಪಟ್ಟು ಇದ್ದರೆ, 100 ಮಿ.ಮೀ. ತ್ರಿಜ್ಯದ ವೃತ್ತಕ್ಕೂ ನಿಮ್ಮ ಸೊನ್ನೆಗೂ ಇರುವ ವ್ಯತ್ಯಾಸ 0.03 ಮಿ.ಮೀ. ಕೂಡ ದಾಟುವುದಿಲ್ಲ. ಗಣಿತದ ಕಣ್ಣಿಗೆ ಅದು ವೃತ್ತವಲ್ಲ. ನಮ್ಮ ಕಣ್ಣಿಗೆ ಧಾರಾಳವಾಗಿ ವೃತ್ತವೇ.

ಇದೇ ನಿಯಮ ಉಳಿದ ಬಾಗುಗಳಿಗೂ ಸಲ್ಲುತ್ತದೆ. ಗೆರೆ ಎಲ್ಲಿ ಪೂರ್ತಿ ಅಡ್ಡಕ್ಕೆ ಅಥವಾ ಪೂರ್ತಿ ನೆಟ್ಟಗೆ ತಿರುಗುತ್ತದೋ ಅಲ್ಲಿ ಬಿಂದು. ಅಕ್ಷರ ವಿನ್ಯಾಸಕಾರರು ಫಾಂಟ್ ಮಾಡುವಾಗ ಪಾಲಿಸುವುದೂ ಇದನ್ನೇ. ಇಂಗ್ಲಿಷಿನ ಎಸ್ ಅಕ್ಷರ ನೋಡಿ. ಹೊಸಬರು ಅದರ ನಡುಬೆನ್ನಿನಲ್ಲಿ, ಬಾಗು ಮಗ್ಗಲು ಬದಲಿಸುವ ಕಡೆ, ಒಂದು ಬಿಂದು ಇಟ್ಟೇ ಇಡುತ್ತಾರೆ. ಬೇಕಿಲ್ಲ. ಮೇಲಿನ ಹೊಟ್ಟೆಯ ಎಡ ಅಂಚಿನಿಂದ ಹ್ಯಾಂಡಲ್ ಕೆಳಕ್ಕೆ, ಕೆಳಗಿನ ಹೊಟ್ಟೆಯ ಬಲ ಅಂಚಿನಿಂದ ಮೇಲಕ್ಕೆ ಎಳೆದರೆ ನಡುಬೆನ್ನು ತಾನಾಗಿ ಮೂಡುತ್ತದೆ. ಓರೆಯಾಗಿ ವಾಲಿದ ಎಲೆಯಂಥ ಆಕಾರಕ್ಕೆ ಈ ನಿಯಮ ಹಿಡಿದು ಕೂರಬೇಡಿ. ನೆಟ್ಟಗೆ ಬಿಡಿಸಿ, ಆಮೇಲೆ ತಿರುಗಿಸಿದರಾಯಿತು.

ಹೀಗಿಟ್ಟ ಮೇಲೂ ಬಾಗಿನಲ್ಲಿ ಡುಬ್ಬ ಕಂಡರೆ ಒಂದು ಪರೀಕ್ಷೆ ಇದೆ. ಒಂದೇ ಕಡೆಗೆ ಬಾಗುವ ತುಂಡಿನ ಎರಡೂ ಹ್ಯಾಂಡಲ್‌ಗಳನ್ನು ಮನಸ್ಸಿನಲ್ಲೇ ಮುಂದುವರಿಸಿ. ಅವು ಒಂದು ಕಡೆ ಕೂಡುತ್ತವೆ. ಯಾವ ಹ್ಯಾಂಡಲೂ ಆ ಕೂಡುಜಾಗ ದಾಟಬಾರದು. ದಾಟಿತೆಂದರೆ ಗೆರೆ ಒಂದು ಮಗ್ಗುಲಲ್ಲಿ ಮೊನಚಾಗಿ ಇನ್ನೊಂದು ಮಗ್ಗುಲಲ್ಲಿ ಚಪ್ಪಟೆಯಾಗುತ್ತದೆ, ಕೆಲವೊಮ್ಮೆ ಕುಣಿಕೆಯನ್ನೇ ಹಾಕಿಕೊಳ್ಳುತ್ತದೆ. ಒಂದು ಹ್ಯಾಂಡಲ್ ಗಿಡ್ಡ, ಇನ್ನೊಂದು ವಿಪರೀತ ಉದ್ದ ಇರುವುದೂ ಅನುಮಾನಕ್ಕೆ ಸಾಕು.

ಎರಡು ತುಂಡು ಸೇರುವ ಕಡೆ ನುಣುಪು ಬೇಕಾದರೆ ಬಿಂದುವಿನ ಎರಡೂ ಹ್ಯಾಂಡಲ್ ಒಂದೇ ನೇರದಲ್ಲಿರಬೇಕು. ಸಮ ಉದ್ದವೇ ಇರಬೇಕೆಂದಿಲ್ಲ. ಎರಡೂ ಹ್ಯಾಂಡಲ್ ಸಮ ಉದ್ದವಿರುವ ಸಿಮೆಟ್ರಿಕ್ ಬಿಂದುವನ್ನು ನಾನು ಬಳಸುವುದು ಅಪರೂಪ. ಹೆಚ್ಚಿನವರು ಎಡವುವುದು ನೇರ ಗೆರೆ ಬಾಗಾಗಿ ತಿರುಗುವಲ್ಲಿ. ಅಲ್ಲಿ ಬಾಗಿನ ಹ್ಯಾಂಡಲ್ ನೇರ ಗೆರೆಯ ಮುಂದುವರಿಕೆಯಾಗಿಯೇ ಇರಬೇಕು, ತುಸು ತಪ್ಪಿದರೂ ಮುದ್ರಣದಲ್ಲಿ ಮುರಿದಂತೆ ಕಾಣುತ್ತದೆ. ಮೂಲೆಯೇ ಬೇಕಿದ್ದರೆ ಹ್ಯಾಂಡಲ್ ಜೋಡಿಯನ್ನು ಬೇರ್ಪಡಿಸಿ: ಎಳೆಯುತ್ತಿರುವಾಗಲೇ ಇಲ್ಲಸ್ಟ್ರೇಟರಿನಲ್ಲಿ ಆಲ್ಟ್, ಇಂಕ್‌ಸ್ಕೇಪಿನಲ್ಲಿ ಶಿಫ್ಟ್.

ಚಿತ್ರವನ್ನು ತಾನಾಗಿ ವೆಕ್ಟರ್ ಗೆರೆಗಳಾಗಿಸುವ ಆಟೊ ಟ್ರೇಸ್ ಇರುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒರಟು ಕುಂಚದ ಗುರುತು, ಶಾಯಿಯ ಕಲೆ ಇಂಥವಕ್ಕೆ ಟ್ರೇಸ್ ಒಳ್ಳೆಯದೇ. ಲೋಗೊ, ಅಕ್ಷರ, ಐಕಾನ್‌ಗೆ ಮಾತ್ರ ಬೇಡ. ಅದು ಸುರಿಯುವ ಬಿಂದುಗಳ ರಾಶಿಯನ್ನು ಶುಚಿ ಮಾಡುವಷ್ಟರಲ್ಲಿ ಹೊಸದಾಗಿ ಬಿಡಿಸಿ ಮುಗಿಸಬಹುದು. ಮೂಲ ಚಿತ್ರವನ್ನು ಕೆಳಗಿನ ಲೇಯರಿನಲ್ಲಿ ಮಸುಕಾಗಿಸಿ, ಲಾಕ್ ಮಾಡಿ, ಮೇಲೆ ಬಿಡಿಸಿ. ಮುಗಿದ ಮೇಲೆ ಬಣ್ಣವಿಲ್ಲದೆ ಬರೀ ಗೆರೆ ತೋರಿಸುವ ಔಟ್‌ಲೈನ್ ನೋಟಕ್ಕೆ ಹೋಗಿ ಅನುಮಾನ ಬಂದ ಬಿಂದುಗಳನ್ನು ಒಂದೊಂದಾಗಿ ಅಳಿಸುತ್ತಾ ಬನ್ನಿ. ಇಂಕ್‌ಸ್ಕೇಪಿನಲ್ಲಿ ಬಿಂದುಗಳನ್ನು ತಿದ್ದುವ ನೋಡ್ ಟೂಲಿನಲ್ಲಿ ಡಿಲೀಟ್ ಒತ್ತಿದರೆ ಅದು ಆಕಾರವನ್ನು ಆದಷ್ಟು ಉಳಿಸಿಕೊಂಡೇ ಬಿಂದುವನ್ನು ತೆಗೆಯುತ್ತದೆ. ತೆಗೆದಾಗ ಗೆರೆ ಕದಲಲಿಲ್ಲವೆಂದರೆ ಆ ಬಿಂದು ಅಲ್ಲಿ ಬೇಕಿರಲಿಲ್ಲ. ಕದಲಿದರೆ ಕಂಟ್ರೋಲ್ ಝಡ್ ಇದ್ದೇ ಇದೆ.