ಬೆಳವಕ್ಕಿಯ ಗುಟುರು, ನಮ್ಮ ನಾಲಿಗೆಯ 'ರ'

ಕಲಬುರಗಿ ಕಡೆ ಯಾರ ಮನೆ ಬಾಗಿಲಿಗೆ ಹೋದರೂ ಮೊದಲು ಕೇಳುವ ಮಾತು 'ಬರ್ರಿ, ಕೂಡ್ರಿ'. ಆ 'ಬರ್ರಿ'ಯ ನಡುವೆ ಇರುವ ಸದ್ದು ಸ್ಪೇನಿನ ಮಕ್ಕಳಿಗೆ ಎಲ್ಲಕ್ಕಿಂತ ತಡವಾಗಿ ಬರುವ ಸದ್ದುಗಳಲ್ಲಿ ಒಂದು. ಸ್ಪ್ಯಾನಿಷ್‌ನಲ್ಲಿ 'ಪೆರೊ' ಎಂದರೆ 'ಆದರೆ'. 'ಪೆರ್ರೊ' ಎಂದರೆ ನಾಯಿ. ಮೊದಲನೆಯದರಲ್ಲಿ ನಾಲಿಗೆಯ ತುದಿ ಒಂದೇ ಸಲ ತಟ್ಟಿ ಇಳಿಯುತ್ತದೆ. ಎರಡನೆಯದರಲ್ಲಿ ಎರಡು ಮೂರು ಸಲ ಬಡಿಯುತ್ತದೆ. ನಮ್ಮ 'ಮರಿ'ಗೂ 'ಬರ್ರಿ'ಗೂ ಇರುವುದು ಇದೇ ವ್ಯತ್ಯಾಸ. ಇಂಗ್ಲಿಷ್ ಜನರಿಗೆ ಇದು ಬಲು ಕಷ್ಟ. ಅವರಲ್ಲಿ ಹೆಚ್ಚಿನವರು 'ರ' ಎನ್ನುವಾಗ ನಾಲಿಗೆ ಮೇಲಕ್ಕೆ ತಾಗುವುದೇ ಇಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. 'ದ ದ ದ ದ' ಎಂದು ಆದಷ್ಟು ಬೇಗ ಹೇಳಿ. ಎಷ್ಟೇ ಗಡಿಬಿಡಿ ಮಾಡಿದರೂ ಸೆಕೆಂಡಿಗೆ 6-7 'ದ' ದಾಟುವುದು ಕಷ್ಟ. ಈಗ 'ರ್ರ್ರ್' ಎಂದು ಎಳೆಯಿರಿ. ಅದೇ ನಾಲಿಗೆಯ ತುದಿ ಸೆಕೆಂಡಿಗೆ ಸುಮಾರು 25 ಸಲ ಬಡಿಯುತ್ತದೆ! ನಾಲಿಗೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು?

ಬಂದದ್ದು ಗಾಳಿಯಿಂದ. ಟಂಟಂ ಜೋರಾಗಿ ಓಡುವಾಗ ಅದರ ಪಕ್ಕದ ರೆಕ್ಸಿನ್ ಪರದೆ ಪಟಪಟ ಬಡಿಯುತ್ತದಲ್ಲ, ಅದನ್ನು ಯಾರೂ ಕೈಯಲ್ಲಿ ಹಿಡಿದು ಅಲ್ಲಾಡಿಸುವುದಿಲ್ಲ. 'ರ್ರ್' ಎನ್ನುವಾಗ ನಾಲಿಗೆಯೂ ಹಾಗೆಯೇ. ತುದಿಯನ್ನು ಹಲ್ಲಿನ ಹಿಂದಿನ ದಿಬ್ಬಕ್ಕೆ ಸಡಿಲವಾಗಿ ಒರಗಿಸಿ ಇಡುವುದಷ್ಟೇ ನಮ್ಮ ಕೆಲಸ. ಹಿಂದೆ ಗಾಳಿಯ ಒತ್ತಡ ಏರುತ್ತದೆ, ತುದಿಯನ್ನು ತಳ್ಳಿ ಸಂದು ತೆರೆಯುತ್ತದೆ. ಕಿರಿದಾದ ಸಂದಿನಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆಗ ನಾಲಿಗೆ ತನ್ನ ಬಿಗಿತದಿಂದ ವಾಪಸ್ ಬಂದು ಮುಚ್ಚುತ್ತದೆ. ಮತ್ತೆ ಒತ್ತಡ, ಮತ್ತೆ ತೆರೆಯುವುದು. ನಾಲಿಗೆ ತೀರ ಬಿಗಿಯಾದರೆ ಅಲ್ಲಾಡುವುದಿಲ್ಲ, ತೀರ ಸಡಿಲವಾದರೆ ಸುಮ್ನೆ ಗಾಳಿ ಸೋರುತ್ತದೆ. ಮಕ್ಕಳಿಗೆ 'ರ' ತಡವಾಗಿ ಬರುವುದು ಈ ಹದ ಸಿಗುವುದು ತಡವಾಗುವುದರಿಂದ.

ಇನ್ನು ಹಕ್ಕಿಗೆ ಬರೋಣ. ಹಕ್ಕಿ ಕೊಕ್ಕಿನಿಂದ ಹಾಡುತ್ತದೆ ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ದಾಲ್ ಮಿಲ್ಲಿನ ಅಂಗಳದಲ್ಲಿ ತೊಗರಿ ನುಚ್ಚು ಹೆಕ್ಕುವ ಬೆಳವಕ್ಕಿಯನ್ನು ಹತ್ತಿರದಿಂದ ನೋಡಿ. ಗುಟುರು ಹಾಕುವಾಗ ಅದರ ಕೊಕ್ಕು ಮುಚ್ಚಿಯೇ ಇರುತ್ತದೆ. ಕತ್ತು ಮಾತ್ರ ಉಬ್ಬುತ್ತದೆ. ಸದ್ದು ಹುಟ್ಟುವುದು ಇನ್ನೂ ಕೆಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದ ಸಿರಿಂಕ್ಸ್ ಎಂಬ ಅಂಗದಲ್ಲಿ. ನಮ್ಮ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ, ಅವುಗಳದ್ದು ಕೆಳತುದಿಯಲ್ಲಿ. ಆದರೂ ಸ್ವರ ಹುಟ್ಟುವ ರೀತಿ ಒಂದೇ ಎಂದು 2015ರಲ್ಲಿ ಸಂಶೋಧಕರು ತೋರಿಸಿದರು. ಅಲ್ಲಿನ ಮೆತ್ತನೆಯ ಪದರಗಳನ್ನೂ ಗಾಳಿಯೇ ನಡುಗಿಸುತ್ತದೆ.

ಆದರೆ ಗುಟುರಿನಲ್ಲಿ ಎರಡು ಕಂಪನಗಳಿವೆ. ಒಂದು ಸ್ವರವನ್ನು ಹುಟ್ಟಿಸುವ, ಸೆಕೆಂಡಿಗೆ ನೂರಾರು ಸಲದ ಕಂಪನ. ಇನ್ನೊಂದು ಆ ಸ್ವರವನ್ನೇ ತುಂಡು ತುಂಡು ಮಾಡುವ 'ರ್-ರ್-ರ್' ನಡುಕ. ನಮ್ಮಲ್ಲಿ ಈ ಎರಡನೆಯ ಕೆಲಸವನ್ನೂ ಗಾಳಿಗೇ ಒಪ್ಪಿಸಿದ್ದೇವೆ, ಅಷ್ಟು ವೇಗದ ಸ್ನಾಯು ನಮ್ಮ ನಾಲಿಗೆಯಲ್ಲಿಲ್ಲ. ಬೆಳವಕ್ಕಿಗೆ ಅದು ಇದೆ. ಬೆಳವಗಳ ಕುಲದ ಸಾಕು ರಿಂಗ್ ಡವ್ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸಿರಿಂಕ್ಸಿನ ಸ್ನಾಯು ಪ್ರತಿ ಬಡಿತಕ್ಕೂ ತಾನೇ ಬಿಗಿದು ಸಡಿಲವಾಗುತ್ತದೆ ಎಂದು ಅದರಲ್ಲಿ ಗೊತ್ತಾಯಿತು. ಅದು ಕೈಕಾಲಿನ ಮಾಮೂಲಿ ಸ್ನಾಯುಗಳಿಗಿಂತ ಹತ್ತಾರು ಪಟ್ಟು ಚುರುಕು. ಅಲ್ಲಿಯತನಕ ಇಂಥ ಸ್ನಾಯು ಕಂಡಿದ್ದದ್ದು ಅಮೆರಿಕದ ಗಿಲಕಿ ಹಾವಿನ ಬಾಲದಲ್ಲಿ, ಟೋಡ್‌ಫಿಶ್ ಎಂಬ ಮೀನಿನ ಗಾಳಿಚೀಲದಲ್ಲಿ. ನಮ್ಮ ಮಾಳಿಗೆಯ ಮೇಲೆ ದಿನಾ ಕೂತು ಕೂಗುವ ಹಕ್ಕಿಯ ನೆಂಟನಲ್ಲೂ ಅದೇ ಸಿಕ್ಕಿತು.

ಮನುಷ್ಯ ಈ ನಡುಕವನ್ನು ಬಾಯಲ್ಲಿ ಹಿಡಿಯಬೇಕೆಂದರೆ ಇರುವ ಸುಲಭ ದಾರಿ 'ರ'. ಹಕ್ಕಿಯ ಸದ್ದಿನ ಪದಗಳನ್ನು ನೋಡಿ. ಬೆಳವಕ್ಕಿಗೆ ಲ್ಯಾಟಿನ್‌ನಲ್ಲಿ 'ತುರ್ತುರ್', ಅದರ ಕೂಗೇ ಅದರ ಹೆಸರು. ಸ್ಪ್ಯಾನಿಷಿನ 'ತೋರ್ತೊಲಾ' ಅದರಿಂದಲೇ ಬಂದದ್ದು. ಇಂಗ್ಲಿಷಿನ 'ಟರ್ಟಲ್ ಡವ್' ಕೂಡ ಅದೇ, ಅದಕ್ಕೂ ಆಮೆಗೂ ಸಂಬಂಧವಿಲ್ಲ. ನಡುಗುವ ಹಾಡಿಗೆ ಇಂಗ್ಲಿಷಿನಲ್ಲಿ 'ಟ್ರಿಲ್', 'ವಾರ್ಬಲ್', 'ಚರ್'. ಸ್ಪ್ಯಾನಿಷಿನಲ್ಲಿ 'ತ್ರಿನೊ', 'ಗೊರ್ಹೇಯೊ'. ಎಣ್ಣೆ ಕಾಣದ ಗಾಲಿ ಕಿರುಗುಟ್ಟುವುದಕ್ಕೆ 'ಚಿರ್ರಿಯಾರ್'. ನಮ್ಮಲ್ಲಿ 'ಗುಟುರು', 'ಕಿರುಗುಟ್ಟು', 'ಗುರುಗುಟ್ಟು'. ಸ್ಪೇನಿನವರು ಹಾಡಿಗಾಗಿಯೇ ಬೆಳೆಸಿದ 'ತಿಂಬ್ರಾದೊ' ಎಂಬ ಕ್ಯಾನರಿ ಹಕ್ಕಿಯ ತಳಿ ಇದೆ. ಅದರ ಉರುಳು ಸ್ವರಗಳನ್ನು ಬರೆಯುವಾಗಲೂ ಅವರು ಬಳಸುವುದು 'ರ'ಕಾರವನ್ನೇ.

ಸಂಶಯ ಬಂತಲ್ವಾ? ಹಾಗಾದರೆ ಕೋಗಿಲೆಯ 'ಕುಹೂ'ದಲ್ಲಿ 'ರ' ಎಲ್ಲಿ? ಇಲ್ಲ, ಯಾಕೆಂದರೆ ಕೋಗಿಲೆಯ ಆ ಕೂಗು ನಡುಗುವುದಿಲ್ಲ, ನುಣ್ಣಗೆ ಮೇಲೇರುತ್ತದೆ. ಗುಬ್ಬಿಯ 'ಚಿಂವ್ ಚಿಂವ್', ಸ್ಪೇನಿನವರ 'ಪಿಯೊ ಪಿಯೊ' ಕೂಡ ಹಾಗೆಯೇ, ಬಿಡಿ ಬಿಡಿ ಕೂಗುಗಳು. 2022ರಲ್ಲಿ ಬಂದ ಒಂದು ಅಧ್ಯಯನ ನೂರಾರು ಭಾಷೆಗಳನ್ನು ಜಾಲಾಡಿತು. ಒರಟುತನ ಹೇಳುವ ಪದಗಳಲ್ಲಿ 'ರ' ಜಾಸ್ತಿ, ನುಣುಪು ಹೇಳುವ ಪದಗಳಲ್ಲಿ ಕಡಿಮೆ ಎಂದು ಅದು ಕಂಡುಕೊಂಡಿತು. ಕನ್ನಡದಲ್ಲೇ ನೋಡಿ: ಒರಟು, ತರಿತರಿ, ಗರಗಸ ಒಂದು ಕಡೆ. ನುಣುಪು, ನಯ, ಮೆತ್ತಗೆ ಇನ್ನೊಂದು ಕಡೆ.

ಕನ್ನಡದಲ್ಲಿ ಹಿಂದೆ ಎರಡು 'ರ' ಇದ್ದವು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಕಲಬುರಗಿಯಿಂದ ಸೇಡಂ ಕಡೆ ಹೋದರೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಅಲ್ಲಿಂದ ಆಳುತ್ತಿದ್ದ ಕಾಲದ ಕನ್ನಡದಲ್ಲಿ 'ರ' ಬೇರೆ, 'ಱ' ಬೇರೆ. ಈ ಎರಡನೆಯದಕ್ಕೆ ಶಕಟರೇಫ ಎಂದು ಹೆಸರು. 'ಆರು' ಎಂಬ ಎಣಿಕೆಯನ್ನು 'ಆಱು' ಎಂದು ಬರೆಯುತ್ತಿದ್ದರು. ಆಮೇಲೆ ಎರಡೂ ಬೆರೆತು, ಅಕ್ಷರವೂ ಬಳಕೆ ತಪ್ಪಿತು.

ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ಬೇರೆ ವಿಷಯ. ಮಗುವಿಗೆ ಮಾತು ತಡವಾದರೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಗಿಳಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಾತು ಬರುತ್ತದೆ ಎನ್ನುವವರೂ ಇದ್ದಾರೆ. ಗಿಳಿಯ ಧ್ವನಿ ಹುಟ್ಟುವುದೂ ಸಿರಿಂಕ್ಸಿನಲ್ಲೇ. ಅದರ ನಾಲಿಗೆ ಧ್ವನಿಯ ಬಣ್ಣ ಬದಲಿಸಲು ನೆರವಾಗುತ್ತದೆ, ನಿಜ. ಆದರೆ ಎಂಜಲಿನಲ್ಲಿ ಮಾತು ಇರುವುದಿಲ್ಲ. ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟ್ಟಕೋಸಿಸ್ ಎಂಬ ಶ್ವಾಸಕೋಶದ ಸೋಂಕಂತೂ ಇದೆ. ನಮ್ಮ ಊರ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಬಜೆಯನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ 1968ರಲ್ಲೇ ನಿಷೇಧಿಸಿತು. 'ರ' ಬದಲು 'ಲ' ಅನ್ನುವ ಮೂರು ವರ್ಷದ ಮಗುವಿನ ಬಗ್ಗೆ ಹೆದರಬೇಕಿಲ್ಲ. ಆದರೆ ಮಾತೇ ಬಾರದ ಮಗುವಿಗೆ ಮೊದಲು ಮಾಡಿಸಬೇಕಾದದ್ದು ಕಿವಿಯ ಪರೀಕ್ಷೆ. ಕೇಳಿಸದ ಮಗು ಮಾತು ಕಲಿಯುವುದು ಹೇಗೆ? ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಹಾಡುಹಕ್ಕಿಗಳು ಬೆಳವವನ್ನೂ ಮೀರಿಸುತ್ತವೆ. ನಮ್ಮ ಗೊರವಂಕದ ಕುಟುಂಬಕ್ಕೇ ಸೇರಿದ ಯುರೋಪಿನ ಸ್ಟಾರ್ಲಿಂಗ್ ಹಕ್ಕಿಯ ಸಿರಿಂಕ್ಸ್ ಸ್ನಾಯುಗಳು ಸೆಕೆಂಡಿಗೆ 250 ಸಲದವರೆಗೂ ಸದ್ದನ್ನು ಏರಿಳಿಸಬಲ್ಲವು ಎಂದು 2008ರಲ್ಲಿ ಗೊತ್ತಾಯಿತು. ನಮ್ಮ ಕಿವಿಗೆ ಸೆಕೆಂಡಿಗೆ 20ರ ಆಸುಪಾಸು ದಾಟಿದರೆ ಬಡಿತಗಳು ಬಿಡಿಬಿಡಿಯಾಗಿ ಕೇಳುವುದು ಕಡಿಮೆಯಾಗುತ್ತಾ, ಒರಟು ಗುಂಯ್‌ಗುಟ್ಟುವಿಕೆಯಾಗಿ ಬೆರೆಯುತ್ತವೆ. ಗೊರವಂಕದ ಗಲಾಟೆಯಲ್ಲಿ ಏನೇನು ಅಡಗಿದೆ ಎಂದು ಕೇಳಬೇಕಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ವೇಗವನ್ನು ಕಾಲು ಭಾಗಕ್ಕೆ ಇಳಿಸಿ ಕೇಳಿ.