ಎರಡು ಲಿನಕ್ಸ್‌ಗೆ ಒಂದೇ ನಿಕ್ಸ್ ಸ್ಟೋರ್

ಒಂದೇ ಲ್ಯಾಪ್‌ಟಾಪ್‌ನಲ್ಲಿ ನಿಕ್ಸ್‌ಒಎಸ್ (ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್ ಮೇಲೆ ಕಟ್ಟಿದ ಲಿನಕ್ಸ್) ಮತ್ತು ಉಬುಂಟು ಎರಡನ್ನೂ ಇಟ್ಟುಕೊಂಡರೆ 256 ಜಿಬಿ ಎಸ್‌ಎಸ್‌ಡಿ ಬೇಗ ತುಂಬುತ್ತದೆ. ಅದೇ ಬ್ರೌಸರ್, ಅದೇ ಕಂಪೈಲರ್ ಎರಡೆರಡು ಸಲ ಇಳಿದು ಕೂತಿರುತ್ತವೆ. ಡೆಬಿಯನ್-ಉಬುಂಟು ಜೋಡಿಯಾದರೆ ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಇಳಿಸಿದ ಡೆಬ್ ಕಡತಗಳ ಫೋಲ್ಡರನ್ನು ಹಂಚಿಕೊಳ್ಳಬಹುದು, ಅಷ್ಟೇ. ಪ್ರೋಗ್ರಾಂಗಳು ಕೂರುವ /ಯುಎಸ್‌ಆರ್ ಅನ್ನು ಹಂಚಲಾಗದು, ಎರಡೂ ಒಂದೇ ಜಾಗದಲ್ಲಿ ಬೇರೆ ಬೇರೆ ಆವೃತ್ತಿಯ ಲೈಬ್ರರಿ ಬಯಸುತ್ತವೆ. ಉಬುಂಟುವಿನಲ್ಲೂ ನಿಕ್ಸ್ ಹಾಕಿಕೊಂಡು ಎರಡಕ್ಕೂ ಒಂದೇ ಸ್ಟೋರ್ ಇಟ್ಟರೆ ಈ ಜಗಳವಿಲ್ಲ. ಪ್ರತಿ ಪ್ಯಾಕೇಜೂ /ನಿಕ್ಸ್/ಸ್ಟೋರ್ ಒಳಗೆ 32 ಅಕ್ಷರಗಳ ಹ್ಯಾಶ್ (ಗುರುತಿನ ಸಂಕೇತ) ಹೊತ್ತ ಸ್ವಂತ ಫೋಲ್ಡರ್‌ನಲ್ಲಿರುತ್ತದೆ, ತನಗೆ ಬೇಕಾದ ಗ್ಲಿಬ್‌ಸಿ (ಮೂಲ ಸಿ ಲೈಬ್ರರಿ) ಎಲ್ಲಿದೆ ಎಂಬುದನ್ನೂ ತನ್ನೊಳಗೇ ಬರೆದುಕೊಂಡಿರುತ್ತದೆ.

ಆದರೆ ಹ್ಯಾಶ್ ಒಂದೇ ಆಗಿದ್ದರೆ ಮಾತ್ರ ಜಾಗ ಉಳಿಯುತ್ತದೆ. ನಿಕ್ಸ್‌ಒಎಸ್ ಒಂದು ಚಾನೆಲ್‌ನಲ್ಲಿ (ಪ್ಯಾಕೇಜ್‌ಗಳು ಬರುವ ಸರಣಿ), ಉಬುಂಟುವಿನ ನಿಕ್ಸ್ ಇನ್ನೊಂದರಲ್ಲಿ ಇದ್ದರೆ ಫೈರ್‌ಫಾಕ್ಸ್ ಮತ್ತೆ ಎರಡು ಪ್ರತಿಯೇ. ಎರಡೂ ಕಡೆ ನಿಕ್ಸ್‌ಪ್ಯಾಕೇಜಸ್ ಎಂಬ ಪ್ಯಾಕೇಜ್ ಸಂಗ್ರಹದ ಒಂದೇ ಕಮಿಟ್ (ನಿಖರ ಆವೃತ್ತಿ) ಇರಲಿ. ಆ ಆವೃತ್ತಿಯನ್ನು ಹಿಡಿದಿಡುವ ಒಂದೇ ಫ್ಲೇಕ್ ಲಾಕ್ ಕಡತ ಬಳಸುವುದು ಸುಲಭದ ದಾರಿ.

ಹಂಚುವಾಗ /ನಿಕ್ಸ್ ಅನ್ನು ಇಡಿಯಾಗಿ ಹಂಚಿ, /ನಿಕ್ಸ್/ಸ್ಟೋರ್ ಒಂದನ್ನೇ ಅಲ್ಲ. ಯಾವ ಪ್ಯಾಕೇಜ್ ಅಧಿಕೃತ ಎಂಬ ಲೆಕ್ಕ /ನಿಕ್ಸ್/ವಾರ್/ನಿಕ್ಸ್/ಡಿಬಿಯ ಎಸ್‌ಕ್ಯೂಲೈಟ್ ಕಡತದಲ್ಲಿದೆ. ಡೇಟಾಬೇಸ್ ಬೇರೆಯಾದರೆ, ಒಂದು ವ್ಯವಸ್ಥೆ ತಂದದ್ದೆಲ್ಲ ಇನ್ನೊಂದರ ಪಾಲಿಗೆ ಕಸವೇ.

ಇದಕ್ಕೆ 80ರಿಂದ 100 ಜಿಬಿಯ ಪ್ರತ್ಯೇಕ ಪಾರ್ಟಿಶನ್ ಸಾಕು. ಫೈಲ್‌ಸಿಸ್ಟಮ್ ಆಗಿ ಎಕ್ಸ್ಟ್4 ಆರಿಸಿದರೆ ಇನೋಡ್ (ಪ್ರತಿ ಕಡತಕ್ಕೂ ಒಂದೊಂದು ಬೇಕಾಗುವ ದಾಖಲೆ) ಸಂಖ್ಯೆಯನ್ನು ಫಾರ್ಮ್ಯಾಟ್ ಮಾಡುವಾಗಲೇ ಯೋಚಿಸಿ. ಪೂರ್ವನಿಗದಿಯಂತೆ 16,384 ಬೈಟ್‌ಗೆ ಒಂದು ಇನೋಡ್, ಅಂದರೆ 100 ಜಿಬಿಗೆ ಸುಮಾರು 65 ಲಕ್ಷ. ನಿಕ್ಸ್ ಸ್ಟೋರ್ ತುಂಬ ಸಣ್ಣ ಸಣ್ಣ ಕಡತ, ಸಿಮ್‌ಲಿಂಕ್‌ಗಳೇ (ಬೇರೆ ಕಡತದತ್ತ ತೋರುವ ಕೊಂಡಿಗಳು) ಇರುವುದರಿಂದ, ಡಿಸ್ಕ್‌ನಲ್ಲಿ ಜಾಗವಿದ್ದರೂ ‘ಜಾಗವಿಲ್ಲ’ ಎಂಬ ದೂರು ಬರಬಹುದು. ‘ಡಿಎಫ್ -ಐ’ ಕೊಟ್ಟರೆ ನಿಜ ಗೊತ್ತಾಗುತ್ತದೆ. ಫಾರ್ಮ್ಯಾಟ್ ಆಜ್ಞೆಗೆ ಸಣ್ಣಕ್ಷರದ ‘-ಐ 8192’ ಸೇರಿಸಿದರೆ ಇನೋಡ್‌ಗಳು ದುಪ್ಪಟ್ಟಾಗುತ್ತವೆ, ಅದಕ್ಕೆ ತೆರುವುದು ಒಂದೂವರೆ ಜಿಬಿಯಷ್ಟು. ಬಿಟಿಆರ್‌ಎಫ್‌ಎಸ್‌ನಲ್ಲಿ ಈ ಮಿತಿಯೇ ಇಲ್ಲ, ಝಡ್‌ಸ್ಟ್ಯಾಂಡರ್ಡ್ ಸಂಕೋಚನವೂ ಸಿಗುತ್ತದೆ. ನನ್ನ ಒಲವು ಅದರ ಕಡೆಗೆ.

ಈಗಿರುವ ಸ್ಟೋರನ್ನು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ‘ಆರ್‌ಸಿಂಕ್ -ಎಎಚ್‌ಎಎಕ್ಸ್’ ಮೂಲಕ ಸಾಗಿಸಿ. ಮೊದಲ ‘ಎ’ ಸಣ್ಣಕ್ಷರ, ಉಳಿದವು ದೊಡ್ಡಕ್ಷರ. ‘ಎಚ್’ ಬಿಡಬೇಡಿ: ಆಪ್ಟಿಮೈಸ್ ಆದ ಸ್ಟೋರ್‌ನಲ್ಲಿ ಹಾರ್ಡ್‌ಲಿಂಕ್‌ಗಳಿರುತ್ತವೆ (ಒಂದೇ ಕಡತಕ್ಕೆ ಹಲವು ಹೆಸರು), ಅದಿಲ್ಲದೆ ನಕಲಿಸಿದರೆ ಸ್ಟೋರ್ ಊದಿಕೊಳ್ಳುತ್ತದೆ. ನಿಕ್ಸ್‌ಒಎಸ್‌ನ ಕಾನ್ಫಿಗರೇಶನ್‌ನಲ್ಲಿ /ನಿಕ್ಸ್ ಮೌಂಟನ್ನು ನೋಎಟೈಮ್ (ಕಡತ ಓದಿದ ಸಮಯ ದಾಖಲಿಸದ) ಆಯ್ಕೆಯೊಂದಿಗೆ ಬರೆದರೆ ಸಾಕು, ಬೂಟ್‌ನ ಮೊದಲ ಹಂತದಲ್ಲೇ ಅದು ಮೌಂಟ್ ಆಗುತ್ತದೆ. ಉಬುಂಟುವಿನಲ್ಲಿ ಮೌಂಟ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ಗೆ ಸಾಲು ಸೇರಿಸಿ, ಮೌಂಟ್ ಮಾಡಿ, ಆಮೇಲೆ ನಿಕ್ಸ್‌ನ ಬಹುಬಳಕೆದಾರ ಇನ್‌ಸ್ಟಾಲರ್ ಓಡಿಸಿ. ಪ್ಯಾಕೇಜ್ ಕಟ್ಟುವ ನಿಕ್ಸ್‌ಬಿಲ್ಡ್ ಗುಂಪಿನ ಸಂಖ್ಯೆ ಎರಡೂ ಕಡೆ 30000 ಇದೆಯೇ, ನಿಮ್ಮ ಯುಐಡಿ (ಬಳಕೆದಾರ ಸಂಖ್ಯೆ) ಎರಡೂ ಕಡೆ ಒಂದೇ ಇದೆಯೇ ನೋಡಿಕೊಳ್ಳಿ.

ಉಬುಂಟು ರೀಬೂಟ್ ಆದ ಮೇಲೆ ನಿಕ್ಸ್‌ನ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಸಿಗುತ್ತಿಲ್ಲ ಎಂಬ ತೊಂದರೆ ಬಹಳ ಮಂದಿಗೆ ಎದುರಾಗುತ್ತದೆ. ಇನ್‌ಸ್ಟಾಲರ್ ನಿಕ್ಸ್-ಡೀಮನ್‌ನ ಸರ್ವಿಸ್ ಮತ್ತು ಸಾಕೆಟ್ ಯೂನಿಟ್‌ಗಳನ್ನು /ನಿಕ್ಸ್ ಒಳಗಿನ ಕಡತಗಳಿಗೆ ಸಿಮ್‌ಲಿಂಕ್ ಆಗಿ ಇಡುತ್ತದೆ. ಬೂಟ್‌ನಲ್ಲಿ ಸರ್ವಿಸ್‌ಗಳನ್ನು ಏಳಿಸುವ ಸಿಸ್ಟಮ್‌ಡಿ ಈ ಯೂನಿಟ್‌ಗಳನ್ನು ಓದುವ ಹೊತ್ತಿಗೆ /ನಿಕ್ಸ್ ಇನ್ನೂ ಮೌಂಟ್ ಆಗಿರುವುದಿಲ್ಲ. ಸಿಮ್‌ಲಿಂಕ್ ತೆಗೆದು ಎರಡೂ ಕಡತಗಳನ್ನು /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್‌ಗೆ ನಿಜವಾಗಿ ನಕಲಿಸಿ, ಸರ್ವಿಸ್‌ನ ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿರುವ ಹ್ಯಾಶ್ ಇರುವ ದಾರಿಯ ಬದಲು /ನಿಕ್ಸ್/ವಾರ್/ನಿಕ್ಸ್/ಪ್ರೊಫೈಲ್ಸ್/ಡಿಫಾಲ್ಟ್/ಬಿನ್/ನಿಕ್ಸ್-ಡೀಮನ್ ಎಂದು ಬರೆಯಿರಿ. ಇಲ್ಲವಾದರೆ ನಿಕ್ಸ್ ಅಪ್‌ಗ್ರೇಡ್ ಆಗಿ ಹಳೆಯದು ಅಳಿದ ದಿನ ಡೀಮನ್ ಏಳುವುದೇ ಇಲ್ಲ.

ಇಷ್ಟಾದರೆ ಹಂಚಿಕೆ ನಡೆಯುತ್ತದೆ. ನಿಜವಾದ ಅಪಾಯ ಇರುವುದು ಕಸ ಗುಡಿಸುವಾಗ, ಅಂದರೆ ಬಳಕೆಯಲ್ಲಿಲ್ಲದ ಪ್ಯಾಕೇಜ್‌ಗಳನ್ನು ಅಳಿಸುವ ಗಾರ್ಬೇಜ್ ಕಲೆಕ್ಷನ್‌ನಲ್ಲಿ. ಯಾವುದನ್ನು ಅಳಿಸಬಾರದು ಎಂಬುದನ್ನು ನಿಕ್ಸ್ ತಿಳಿಯುವುದು /ನಿಕ್ಸ್/ವಾರ್/ನಿಕ್ಸ್/ಜಿಸಿರೂಟ್ಸ್ ಫೋಲ್ಡರ್‌ನಿಂದ. ಈಚಿನ ಆವೃತ್ತಿಗಳಲ್ಲಿ ಬಳಕೆದಾರನ ಪ್ರೊಫೈಲ್ (ಅವನು ಹಾಕಿಕೊಂಡ ಪ್ಯಾಕೇಜ್‌ಗಳ ಗುಚ್ಛ) ಹೋಮ್ ಫೋಲ್ಡರ್‌ನ .ಲೋಕಲ್/ಸ್ಟೇಟ್/ನಿಕ್ಸ್ ಒಳಗಿರುತ್ತದೆ, ಜಿಸಿರೂಟ್ಸ್/ಆಟೊದಲ್ಲಿ ಅದರತ್ತ ಬೆರಳು ತೋರುವ ಒಂದು ಸಿಮ್‌ಲಿಂಕ್ ಮಾತ್ರ ಇರುತ್ತದೆ. ನಿಕ್ಸ್‌ಒಎಸ್‌ನಲ್ಲಿ ನಿಂತು ಗಾರ್ಬೇಜ್ ಕಲೆಕ್ಷನ್ ಓಡಿಸಿದಾಗ ಉಬುಂಟುವಿನ ಹೋಮ್ ಅಲ್ಲಿರುವುದಿಲ್ಲ. ಲಿಂಕ್ ಸತ್ತಿದೆ ಎಂದುಕೊಂಡ ನಿಕ್ಸ್ ಅದನ್ನು ಕಿತ್ತುಹಾಕುತ್ತದೆ, ಜೊತೆಗೆ ಉಬುಂಟು ಒಂದೇ ಬಳಸುತ್ತಿದ್ದ ಪ್ಯಾಕೇಜ್‌ಗಳನ್ನೂ. ಮತ್ತೆ ಉಬುಂಟುವಿಗೆ ಬಂದರೆ ಪ್ರೋಗ್ರಾಂಗಳು ಮಾಯ. ತೆರೆಯ ಮೇಲೆ ಹಾದುಹೋದ ‘ಸ್ಟೇಲ್ ಲಿಂಕ್ ತೆಗೆಯಲಾಗುತ್ತಿದೆ’ ಎಂಬ ಸಾಲು ಬಿಟ್ಟರೆ ಮುನ್ಸೂಚನೆ ಇರುವುದಿಲ್ಲ.

ಪ್ರೊಫೈಲನ್ನೇ /ನಿಕ್ಸ್ ಒಳಗೆ ಇಟ್ಟರೆ ಈ ಸಮಸ್ಯೆ ಬುಡಸಮೇತ ಹೋಗುತ್ತದೆ. /ನಿಕ್ಸ್/ವಾರ್/ನಿಕ್ಸ್/ಪ್ರೊಫೈಲ್ಸ್/ಪರ್-ಯೂಸರ್ ಕೆಳಗೆ ನಿಮ್ಮ ಬಳಕೆದಾರ ಹೆಸರಿನ ಫೋಲ್ಡರ್ ಮಾಡಿ, ಒಡೆತನ ನಿಮಗೇ ಇರಲಿ. ಅದರೊಳಗೆ ‘ಉಬುಂಟು’ ಹೆಸರಿನ ಪ್ರೊಫೈಲ್‌ಗೆ ‘ನಿಕ್ಸ್-ಎನ್ವ್ -ಪಿ’ ಮತ್ತು ‘--ಸೆಟ್’ ಬಳಸಿ ಹಳೆಯ ಪ್ರೊಫೈಲ್‌ನ ಸ್ಟೋರ್ ದಾರಿಯನ್ನು ಕೊಡಿ, ಬಳಿಕ ‘--ಸ್ವಿಚ್-ಪ್ರೊಫೈಲ್’ನಿಂದ ಅದಕ್ಕೆ ಬದಲಾಯಿಸಿ. ನಿಕ್ಸ್‌ಒಎಸ್‌ನಲ್ಲೂ ಹೀಗೇ, ಬೇರೆ ಹೆಸರಿನಲ್ಲಿ. ಜಾಗ ಉಳಿಯಲೆಂದು ಎರಡಕ್ಕೂ ಒಂದೇ ಪ್ರೊಫೈಲ್ ಮಾಡಬೇಡಿ: ನಿಕ್ಸ್ 2.20ರಲ್ಲಿ ಪ್ರೊಫೈಲ್‌ನ ಪಟ್ಟಿಯ ಸ್ವರೂಪ ಬದಲಾಗಿದೆ, ಹಳೆಯ ಆವೃತ್ತಿಗೆ ಅದನ್ನು ಓದಲು ಬಾರದು. ಬಿಲ್ಡ್ ಮಾಡಿದಾಗ ಪ್ರಾಜೆಕ್ಟ್ ಫೋಲ್ಡರ್‌ಗಳಲ್ಲಿ ಮೂಡುವ ‘ರಿಸಲ್ಟ್’ ಲಿಂಕ್‌ಗಳು ಹೀಗೆ ಉಳಿಯುವುದಿಲ್ಲ, ಆದರೆ ಅವನ್ನು ಮತ್ತೆ ಬಿಲ್ಡ್ ಮಾಡಿಕೊಳ್ಳಬಹುದು.

ಎರಡೂ ನಿಕ್ಸ್‌ಒಎಸ್ ಆಗಿದ್ದರೆ ಇನ್ನೊಂದು ಎಚ್ಚರಿಕೆ. ಎರಡೂ ‘ಸಿಸ್ಟಮ್’ ಎಂಬ ಒಂದೇ ಪ್ರೊಫೈಲ್‌ಗೆ ಜನರೇಶನ್ (ಪ್ರತಿ ಬದಲಾವಣೆಗೂ ಹೊಸ ಆವೃತ್ತಿ) ಸೇರಿಸುತ್ತಾ ಹೋಗುತ್ತವೆ. ‘ನಿಕ್ಸ್-ಕಲೆಕ್ಟ್-ಗಾರ್ಬೇಜ್ -ಡಿ’ ಪ್ರೊಫೈಲ್ ಸದ್ಯ ತೋರುತ್ತಿರುವುದನ್ನು ಬಿಟ್ಟು ಮಿಕ್ಕೆಲ್ಲ ಅಳಿಸುತ್ತದೆ, ಇನ್ನೊಂದು ವ್ಯವಸ್ಥೆ ಬೂಟ್ ಆಗುವುದೇ ಇಲ್ಲ. ‘ನಿಕ್ಸ್‌ಒಎಸ್-ರೀಬಿಲ್ಡ್’ಗೆ ಪ್ರತಿ ಸಲವೂ ‘--ಪ್ರೊಫೈಲ್-ನೇಮ್’ ಜೊತೆ ಬೇರೆ ಬೇರೆ ಹೆಸರು ಕೊಡಿ.

ಹೈಬರ್ನೇಶನ್ ಅನ್ನು ಎರಡರಲ್ಲೂ ಪೂರ್ತಿ ನಿಲ್ಲಿಸಿ. ಹೈಬರ್ನೇಟ್ ಆದ ವ್ಯವಸ್ಥೆ ಪಾರ್ಟಿಶನ್‌ನ ಹಳೆಯ ಸ್ಥಿತಿಯನ್ನು ನೆನಪಿಟ್ಟುಕೊಂಡೇ ಎದ್ದು ಬರೆಯಲು ತೊಡಗುತ್ತದೆ. ನಡುವೆ ಇನ್ನೊಂದು ಅಲ್ಲಿ ಬರೆದಿದ್ದರೆ ಫೈಲ್‌ಸಿಸ್ಟಮ್ಮೇ ಕೆಡುತ್ತದೆ. ಪೂರ್ತಿ ಶಟ್‌ಡೌನ್ ಮಾಡಿಯೇ ಒಂದರಿಂದ ಇನ್ನೊಂದಕ್ಕೆ ಹೋಗಿ.